ನಮ್ಮೂರ ಕೆರೆಬೇಟೆ



ನಿವೃತ್ತ ಕನ್ನಡ ಮೇಷ್ಟ್ರನ್ನು ಭಾಷಣಕ್ಕೆ ಕರೆಯುವವರು ಪಂಪನನ್ನು ಕುರಿತೋ ವಚನಗಳನ್ನು ಕುರಿತೋ ನಾಲ್ಕು ಮಾತು ಹೇಳಿ ಎನ್ನುವುದು ವಾಡಿಕೆ. 34 ವರ್ಷ ಅದೇ ಕೆಲಸ ಮಾಡಿದವನಿಗೆ ಅದು ಕಣ್ಣು ಮುಚ್ಚಿ ನಡೆಯಬಹುದಾದ ದಾರಿ. ಈ ಸಲ ಆಕಾಶವಾಣಿಯವರು ವಿಷಯವನ್ನು ನನ್ನ ಇಚ್ಛೆಗೇ ಬಿಟ್ಟರು. ಮೀನು ಹಿಡಿಯುವುದನ್ನು ಕುರಿತು ಮಾತನಾಡುತ್ತೇನೆ ಎಂದೆ. ಫೋನಿನ ಆ ಬದಿಯಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಬಳಿಕ, 'ಸಾರ್, ಸಾಂಕೇತಿಕವಾಗಿಯೆ?' ಎಂದು ಕೇಳಿದರು. ಅಲ್ಲ, ಊರ ಮುಂದಿನ ಕೆರೆಯಲ್ಲಿ ಗಾಳದಿಂದಲೂ ಕೂಣಿಯಿಂದಲೂ ಹಿಡಿದು, ಹುಳಿ ಹಾಕಿ ಸಾರು ಮಾಡಿ ಉಣ್ಣುವ ಮೀನಿನ ಮಾತು ಇದು.

ನಾನು ಬೆಳೆದದ್ದು ಸೊರಬದ ಸೀಮೆಯ ಒಂದು ಹಳ್ಳಿಯಲ್ಲಿ, ತಾಯಿಯ ತವರಿನಲ್ಲಿ. ಮಲೆನಾಡು ಎಂದೊಡನೆ ಜನ ಹೊಳೆ, ಜಲಪಾತಗಳನ್ನು ನೆನೆಯುತ್ತಾರೆ. ನಮ್ಮದು ಕಾಡೂ ಬಯಲೂ ಕೂಡುವ ಜಾಗ, ಕೆರೆಗಳ ಸೀಮೆ. ಒಂದು ಕೆರೆಯ ಕೋಡಿ ಹರಿದು ಕೆಳಗಿನ ಗದ್ದೆಬಯಲನ್ನು ತೋಯಿಸಿ ಇನ್ನೊಂದು ಕೆರೆಗೆ ಇಳಿಯುತ್ತದೆ. ನಮ್ಮೂರ ಕೆರೆಗೆ ಏರಿ ಉಂಟು, ಕಲ್ಲಿನ ತೂಬು ಉಂಟು, ಏರಿಯ ಮೇಲೆ ಒಂದು ಮತ್ತಿಯ ಮರ ಉಂಟು. ಆ ಮರದ ಬುಡವೇ ನನ್ನ ಮೊದಲ ಶಾಲೆ, ಸೋದರಮಾವನೇ ಮೊದಲ ಗುರು. ಮಾವನಿಗೆ ಓದು ಬರಹ ಬರುತ್ತಿರಲಿಲ್ಲ.

ಅವನು ಕಲಿಸಿದ ಮೊದಲ ಪಾಠ ಮೀನು ಹಿಡಿಯುವುದಲ್ಲ, ಕೂರುವುದು. 'ನೆಳ್ಳು ನೀರಿಗೆ ಬೀಳ್ದಂಗೆ ಕೂತ್ಕ ತಮಾ' ಎನ್ನುತ್ತಿದ್ದ. ಬೆಳಗಿನ ಬಿಸಿಲು ಬೆನ್ನಿಗಿದ್ದರೆ ನೆರಳು ನೀರಿನ ಮೇಲೆ ಚಾಚುತ್ತದೆ; ಮೇಲಿನ ಕೊಕ್ಕರೆಗೆ, ಮಿಂಚುಳ್ಳಿಗೆ ಅಂಜಿ ಬದುಕಿದ ಮೀನು ಆ ನೆರಳು ಕಂಡೊಡನೆ ದೂರ ಸರಿಯುತ್ತದೆ. ಆದ್ದರಿಂದ ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ. ವಾಟೆಯ ಕೋಲು, ದಾರ, ಗಾಳ, ಒಣಗಿದ ಹಗುರ ಕಡ್ಡಿಯ ಬೆಂಡು. ಕೊಟ್ಟಿಗೆಯ ಹಿಂದಿನ ತಂಪು ಮಣ್ಣಿನಲ್ಲಿ ಅಗೆದ ಎರೆಹುಳ ತೆಂಗಿನ ಕರಟದಲ್ಲಿ. ಸಲಕರಣೆ ಇಷ್ಟೆ.

ಎರೆಹುಳು ಎಂಬ ಶಬ್ದದ ಮೇಲೆ ಒಂದು ನಿಮಿಷ ನಿಲ್ಲುತ್ತೇನೆ. ಮೇಷ್ಟ್ರ ಚಾಳಿ, ಕ್ಷಮಿಸಬೇಕು. ಎರೆ ಎಂದರೆ ಗಾಳಕ್ಕೆ ಸಿಕ್ಕಿಸುವ ಆಹಾರ.  ತಮಿಳಿನ ಇರೈ ಇದರ ಒಡಹುಟ್ಟು. ಎರೆಮಣ್ಣಿನ ಎರೆ ಬೇರೆ. ರೈತನ ಮಿತ್ರನೆಂದು ಪಠ್ಯಪುಸ್ತಕಗಳು ಕೊಂಡಾಡುವ ಆ ಹುಳಕ್ಕೆ ಹೆಸರಿಟ್ಟವನು ಉಳುವವನಲ್ಲ, ಮೀನು ಹಿಡಿಯುವವನು. ಮೀನು ಎಂಬ ಶಬ್ದವಂತೂ ದ್ರಾವಿಡದಿಂದ ಸಂಸ್ಕೃತಕ್ಕೆ ಹೋಗಿ ಮೀನವಾಗಿ ರಾಶಿಚಕ್ರವನ್ನೇ ಏರಿತು. ಇದನ್ನೆಲ್ಲ ನಾನು ಎಂ.ಎ. ತರಗತಿಯಲ್ಲಿ ಓದಿ ತಿಳಿದೆ. ಆದರೆ ಎರೆ ಎಂಬುದು ಹುಳದ ಹೆಸರಲ್ಲ, ಕೆಲಸದ ಹೆಸರು ಎಂಬುದು ನನಗೆ ಏಳನೆಯ ವರ್ಷಕ್ಕೇ ಗೊತ್ತಿತ್ತು. ಕೊರವನಿಗೆ ಪುಟ್ಟ ಕಪ್ಪೆಯೂ ಎರೆಯೆ, ಸಣ್ಣ ಮೀನಿಗೆ ಅನ್ನದ ಅಗುಳೂ ಎರೆಯೆ.

ಬೆಂಡನ್ನು ಓದುವುದು ಎರಡನೆಯ ಪಾಠ. ನೀರಿನ ಒಳಗೆ ನಡೆಯುವುದು ಕಾಣುವುದಿಲ್ಲ, ಬೆಂಡಿನ ಅಲುಗಾಟವೊಂದೇ ಅಕ್ಷರ. ಬೆಂಡು ನಡುಗುತ್ತಾ ನಿಂತಲ್ಲೇ ಕುಣಿಯುತ್ತಿದ್ದರೆ ಚಿಳ್ಳೆಮೀನುಗಳು ಎರೆಯ ಅಂಚು ಕಚ್ಚುತ್ತಿವೆ ಎಂದು ಅರ್ಥ, ಆಗ ಎಳೆಯಬಾರದು. ನಿಧಾನವಾಗಿ ಓರೆಯಾಗಿ ಸರಿದರೆ ತಳದಲ್ಲಿ ಮೀಸೆಯ ಮೀನು, ಮುರಗೋಡೋ ಚೇಳುಮೀನೋ ಎಳೆದೊಯ್ಯುತ್ತಿದೆ. ಬೆಂಡು ಒಮ್ಮೆಗೇ ಮುಳುಗಿದರೆ ಕೊರವ. ನಮ್ಮ ಕಾವ್ಯಶಾಸ್ತ್ರಗಳಲ್ಲಿ ಹಳೆಯ ದೃಷ್ಟಾಂತವೊಂದುಂಟು: ಆನೆ ಸ್ಪರ್ಶದಿಂದ, ಜಿಂಕೆ ನಾದದಿಂದ, ಪತಂಗ ರೂಪದಿಂದ, ದುಂಬಿ ಗಂಧದಿಂದ, ಮೀನು ನಾಲಗೆಯ ಚಪಲದಿಂದ ಕೆಡುತ್ತದೆ ಎಂದು. ಇದನ್ನು ಮೊದಲು ಹೇಳಿದ ಕವಿ ಗಾಳದ ಕೋಲು ಹಿಡಿದು ಅರ್ಧ ದಿನ ಕೂತವನಲ್ಲವೆಂದು ನನ್ನ ಗುಮಾನಿ. ಕೂತಿದ್ದರೆ, ಮೀನಿನ ಸಂಶಯಬುದ್ಧಿಯನ್ನು ಕುರಿತು ಬರೆಯುತ್ತಿದ್ದ. ಮೂಸಿ, ಮುಟ್ಟಿ, ಹಿಂದೆ ಸರಿದು, ಮತ್ತೆ ಬಂದು, ಎರೆಯನ್ನಷ್ಟೇ ನಾಜೂಕಾಗಿ ಬಿಡಿಸಿಕೊಂಡು ಬರಿಯ ಗಾಳವನ್ನು ನಮಗೆ ಮರಳಿಸಿದ ಮೀನುಗಳ ಲೆಕ್ಕ ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಮಾವ ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಕೆಲವು ದಿನ ಜೊಂಡಿನ ಅಂಚಿನಲ್ಲಿ ನೀರಿನ ಮೇಲೆ ಅಂಗೈಯಗಲ ಕೆಂಪು ಕದಡಿದಂತೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಅದು ಕೊರವನ ಮರಿಗಳ ಹಿಂಡು. ಎಳೆಯ ಮರಿಗಳ ಬಣ್ಣ ಕೆಂಪು. ಅವು ಗಾಳಿ ಕುಡಿಯಲು ಮೇಲೆ ಬರುತ್ತಾ ಇಳಿಯುತ್ತಾ ಇರುವಾಗ ತಾಯಿ ತಂದೆ ಕೆಳಗೇ ಸುತ್ತುತ್ತಾ ಕಾಯುತ್ತಿರುತ್ತವೆ. ಆ ಸಿಟ್ಟಿನಲ್ಲಿ ಏನು ಎಸೆದರೂ ಬಾಯಿ ಹಾಕುವುದರಿಂದ ದೊಡ್ಡ ಕೊರವವನ್ನು ಹಿಡಿಯಲು ಅದರಷ್ಟು ಸುಲಭದ ಹೊತ್ತು ಬೇರೆ ಇಲ್ಲ. ಆ ಹೊತ್ತಿನಲ್ಲಿಯೇ ಮಾವ ಕೋಲನ್ನು ಹೆಗಲಿಗೇರಿಸಿಕೊಂಡು ಕೆರೆಯ ಆಚೆ ಬದಿಗೆ ಹೋಗುತ್ತಿದ್ದ. ಕಾಯುವವನನ್ನು ಹಿಡಿದರೆ ಮರಿಗಳೆಲ್ಲ ಉಳಿದ ಮೀನುಗಳ ಹೊಟ್ಟೆಗೆ ಹೋಗುತ್ತವೆ, ಬರುವ ವರ್ಷ ನಾವು ಹಿಡಿಯುವುದೇನನ್ನು ಎಂಬುದು ಅವನ ಲೆಕ್ಕ. ದಯೆ ಎಂದು ಅದಕ್ಕೆ ಅವನು ಹೆಸರಿಡಲಿಲ್ಲ.

ಗಾಳ ಒಬ್ಬನ ಕೆಲಸ, ಕೆರೆಬೇಟೆ ಊರಿನದು. 2024ರಲ್ಲಿ ಇದೇ ಹೆಸರಿನ ಚಲನಚಿತ್ರವೊಂದು ಬಂದ ಮೇಲೆ ಪಟ್ಟಣದವರೂ ಇದನ್ನು ಬಲ್ಲರು. ಬೇಸಿಗೆಯಲ್ಲಿ ಗದ್ದೆಗೆ ನೀರು ಬೇಡವಾಗಿ, ಕೆರೆ ಇಂಗಿ ಮೊಣಕಾಲ ಮಟ್ಟಕ್ಕೆ ಬಂದಾಗ ಊರ ಹಿರಿಯರು ದಿನ ಗೊತ್ತು ಮಾಡುತ್ತಾರೆ. ಅಲ್ಲಿಯವರೆಗೆ ಕೆರೆಗೆ ಯಾರೂ ಇಳಿಯಕೂಡದು. ಸುತ್ತಲ ಹಳ್ಳಿಗಳಿಗೆ ಸುದ್ದಿ ಹೋಗುತ್ತದೆ. ಬರುವವರು ಕೂಣಿಯೊಂದಕ್ಕೆ ಇಷ್ಟು ಎಂದು ಹಣ ಕಟ್ಟಬೇಕು. ಹಣ ದೇವಸ್ಥಾನಕ್ಕೋ ಊರಿನ ಬೇರೆ ಕೆಲಸಕ್ಕೋ ಸೇರುತ್ತದೆ.

ಕೂಣಿ ಎಂದರೆ ಬಿದಿರಿನ ಸಣ್ಣ ಕಡ್ಡಿಗಳನ್ನು ಸುತ್ತಲೂ ನಿಲ್ಲಿಸಿ ಹೆಣೆದ, ತಳವಿಲ್ಲದ ಬುಟ್ಟಿ. ಕೆಳಬಾಯಿ ಅಗಲ, ಮೇಲ್ಬಾಯಿ ತೋಳು ತೂರುವಷ್ಟು. ಅಂದು ಬೆಳಿಗ್ಗೆ ಏರಿಯುದ್ದಕ್ಕೂ ಜನ ಕೂಣಿ ಹಿಡಿದು ನಿಂತಿರುವುದನ್ನು ನೋಡಬೇಕು. ಸೂಚನೆ ಸಿಕ್ಕಿದ್ದೇ ತಡ, ನೂರಾರು ಜನ ಒಟ್ಟಿಗೆ ಕೂಗುತ್ತಾ ಕೆರೆಗೆ ಬೀಳುತ್ತಾರೆ. ಗಳಿಗೆಯೊಳಗೆ ನೀರು ಕೆಸರಾಗುತ್ತದೆ, ಉಸಿರು ಕಟ್ಟಿದ ಮೀನು ಮೇಲೆ ಬರುತ್ತದೆ. ಕೂಣಿಯನ್ನು ಎತ್ತಿ ಊರುವುದು, ಒಂದು ಹೆಜ್ಜೆ ಮುಂದೆ ಮತ್ತೆ ಊರುವುದು. ಒಳಗೆ ಮೀನು ಸಿಕ್ಕಿದರೆ ಅದು ಗೋಡೆಗೆ ಢಿಕ್ಕಿ ಹೊಡೆಯುವುದು ಅಂಗೈಗೆ ತಿಳಿಯುತ್ತದೆ. ಮೇಲಿನ ಬಾಯಿಂದ ಕೈ ಇಳಿಸಿ ಹಿಡಿಯಬೇಕು. ಕೆಸರಿನಲ್ಲಿ ಕಣ್ಣಿಗೆ ಕೆಲಸವಿಲ್ಲ. ನುಣ್ಣಗಿದ್ದು ಮೀಸೆ ತಾಗಿದರೆ ಎಚ್ಚರ, ಚೇಳುಮೀನಿನ ರೆಕ್ಕೆಯ ಮುಳ್ಳು ವಿಷದ್ದು. ಹದಿಮೂರನೆಯ ವಯಸ್ಸಿನಲ್ಲಿ ಒಮ್ಮೆ ಚುಚ್ಚಿಸಿಕೊಂಡು ರಾತ್ರಿಯಿಡೀ ಅತ್ತಿದ್ದೇನೆ. ಹುರುಪೆಗಳು ಕೈಗೆ ಒರಟಾಗಿ ತಾಗಿ, ತಲೆ ಹಾವಿನ ತಲೆಯಂತೆ ಚಪ್ಪಟೆಯಾಗಿದ್ದರೆ ಕೊರವ. ಆಗ ಕಿವಿರಿನ ಹಿಂದೆ ಒತ್ತಿ ಹಿಡಿದು, ಎತ್ತಿ, ಸೊಂಟದ ಚೀಲಕ್ಕೆ.

ಇದನ್ನು ಸುಂದರವಾಗಿ ಹೇಳಿಬಿಡುವುದು ಸುಲಭ. ನೂಕುನುಗ್ಗಲು, ಬೈಗುಳ, ಹೆಂಡದ ವಾಸನೆ ಎಲ್ಲವೂ ಅಲ್ಲಿ ಇರುತ್ತಿದ್ದವು. ಹಣ ಕಟ್ಟಿ ಬಂದವರಿಗೆ ಮೀನು ಸಿಕ್ಕದಿದ್ದರೆ ಜಗಳ. ಆದರೂ ಆ ಸಂಜೆ ಊರಿನಲ್ಲಿ ಉಪವಾಸದ ಮನೆ ಇರುತ್ತಿರಲಿಲ್ಲ. ಕೆರೆಗಿಳಿಯಲಾರದ ಮುದುಕಿಯರ ಮನೆಗಳಿಗೆ ನನ್ನ ಕೈಯಲ್ಲೇ ಅಜ್ಜಿ ಮೀನು ಕಳಿಸುತ್ತಿದ್ದಳು.

ಇನ್ನು ನಾನು ಹೇಳಲು ಬಂದ ವಿಷಯ.

1982ರಲ್ಲಿ ನನ್ನ ಎಂ.ಎ. ಮುಗಿಯಿತು, ಎರಡು ವರ್ಷದ ತರುವಾಯ ಬಯಲುಸೀಮೆಯ ಒಂದು ಪಟ್ಟಣದಲ್ಲಿ ಅಧ್ಯಾಪಕನಾದೆ. ಬಾಡಿಗೆ ಮನೆ ಹುಡುಕುವಾಗ ಮನೆಯ ಯಜಮಾನರು ಊಟದ ವಿಚಾರ ಕೇಳಿದರು. ನಾನು ತಲೆ ತಗ್ಗಿಸಿ, 'ಅಂಥದ್ದೇನೂ ಇಲ್ಲ' ಎಂದೆ. ಅವರು ಸಜ್ಜನರು, ಮನೆ ಅವರದು, ನಿಯಮವೂ ಅವರದು. ಸುಳ್ಳು ಮಾತ್ರ ನನ್ನದು. ಕ್ರಮೇಣ ಆ ಸುಳ್ಳು ಬಾಡಿಗೆ ಮನೆಯನ್ನು ದಾಟಿ ಅಧ್ಯಾಪಕರ ಕೊಠಡಿಗೂ ಬಂತು. ಊರಿನ ವಿಚಾರ ಬಂದರೆ ಅಡಿಕೆಯ ಮಾತು, ಮಳೆಯ ಮಾತು, ಯಕ್ಷಗಾನದ ಮಾತು. ಕೆರೆಯ ಮಾತು ಬಾಯಿಂದ ಹೊರಡುತ್ತಿರಲಿಲ್ಲ.

1986ರ ಮೇ ತಿಂಗಳ ಒಂದು ಮಧ್ಯಾಹ್ನ ಮಾವ ಹೇಳದೆ ಕೇಳದೆ ಬಂದ. ಹಿಂದಿನ ದಿನ ಊರಲ್ಲಿ ಕೆರೆಬೇಟೆ ಆಗಿತ್ತು. ಕೈಯಲ್ಲಿ ಅಲ್ಯೂಮಿನಿಯಂ ಕೊಡ, ಅದರ ಬಾಯಿಗೆ ಒದ್ದೆ ಪಂಚೆಯ ತುಂಡು ಕಟ್ಟಿದೆ. ಎರಡು ಬಸ್ಸು ಬದಲಿಸಿ, ಕೊಡವನ್ನು ಕಾಲ ನಡುವೆ ಇಟ್ಟುಕೊಂಡು ಬಂದಿದ್ದ. ಅಂಗಳದಲ್ಲಿ ಇಳಿಸಿದೊಡನೆ ಕೊಡ ತಾನಾಗಿ ಅಲ್ಲಾಡಿತು. ಒಳಗೆ ಮೊಳದುದ್ದದ ಕೊರವ, ಜೀವಂತ. ನೀರಿನ ಹೊರಗೂ ಗಾಳಿ ಕುಡಿದು ಗಂಟೆಗಟ್ಟಲೆ ಬಾಳುವ ಮೀನು ಅದು. ಅದಕ್ಕೇ ಅದನ್ನು ಆರಿಸಿ ತಂದಿದ್ದ. 'ನಿಂಗೆ ಅಂತ ಇಟ್ಟಿದ್ದೆ ತಮಾ' ಎಂದ.

ಯಜಮಾನರ ಮನೆಯ ಬಾಗಿಲು ತೆರೆದಿತ್ತು. ನಾನು ದನಿ ತಗ್ಗಿಸಿ, 'ಮಾವ, ಇದನ್ನು ಇಲ್ಲಿಂದ ತಗೊಂಡು ಹೋಗು' ಎಂದೆ. ಅವನಿಗೆ ಮೊದಲು ತಿಳಿಯಲಿಲ್ಲ. ಕೊಡ ಇನ್ನೊಮ್ಮೆ ಸದ್ದು ಮಾಡಿತು. ನಾನು ನನ್ನ ಟವೆಲನ್ನು ಅದರ ಮೇಲೆ ಹಾಕಿದೆ. ಆಗ ತಿಳಿಯಿತು. ಅವನು ಏನೂ ಕೇಳಲಿಲ್ಲ. ಪಂಚೆಯ ಗಂಟನ್ನು ಮತ್ತೊಮ್ಮೆ ಬಿಗಿದು, 'ಇಲ್ಲಿ ಕೆರೆ ಎಲ್ಲೈತೆ?' ಎಂದ.

ಪಟ್ಟಣದ ಅಂಚಿನ ಕೆರೆಗೆ ಒಂದು ಮೈಲಿ. ಕೊಡವನ್ನು ನಾನು ಹೊರುತ್ತೇನೆ ಎನ್ನಲಿಲ್ಲ. ದಾರಿಯಲ್ಲಿ ವಿದ್ಯಾರ್ಥಿಗಳು ಸಿಕ್ಕಬಹುದಿತ್ತು. ಮಾವ ನೀರಿನ ಅಂಚಿಗೆ ಇಳಿದು, ಕೊಡವನ್ನು ಓರೆ ಮಾಡಿ, ಅಂಗೈಯಲ್ಲಿ ಮೀನಿನ ಹೊಟ್ಟೆಯನ್ನು ಆನಿಸಿ ಹಿಡಿದ. ಅದು ಸ್ವಲ್ಪ ಹೊತ್ತು ಹಾಗೆಯೇ ಇತ್ತು; ಆಮೇಲೆ ಬಾಲ ಬೀಸಿ ಹೋಯಿತು. 'ಬದುಕ್ಕಂತದೆ ಬಿಡು, ಗಟ್ಟಿ ಜೀವ' ಎಂದ. ರಾತ್ರಿ ಅನ್ನ ಸಾರು ಉಂಡು, ಉಳಿಯೆಂದರೂ ಉಳಿಯದೆ ಹತ್ತು ಗಂಟೆಯ ಬಸ್ಸು ಹಿಡಿದ. ಆಮೇಲೆ ಅವನು ನನ್ನ ಮನೆಗೆ ಅನೇಕ ಸಲ ಬಂದಿದ್ದಾನೆ. ಅಡಿಕೆ, ಬೆಲ್ಲ, ಮಾವಿನಮಿಡಿ ತಂದಿದ್ದಾನೆ. ಮೀನು ತರಲಿಲ್ಲ.

ಆ ವರ್ಷ ಕಾಲೇಜು ತೆರೆದ ಮೇಲೆ ಬಿ.ಎ. ತರಗತಿಗೆ ಚಾಲುಕ್ಯರ ಕಾಲದ ಸಂಸ್ಕೃತಿಯ ಪಾಠ. ಕಲ್ಯಾಣದ ಅರಸು ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವೇ ಇದೆ: ಯಾವ ಮೀನು ಎಲ್ಲಿ ವಾಸಿಸುತ್ತದೆ, ಯಾವುದಕ್ಕೆ ಯಾವ ಆಹಾರ, ಗಾಳದ ಕೋಲು ಹೇಗಿರಬೇಕು, ದಾರ ಹೇಗಿರಬೇಕು. ಪ್ರಾಣಿಶಾಸ್ತ್ರಜ್ಞ ಸುಂದರ ಲಾಲ್ ಹೋರಾ ಅವರು 1951ರಲ್ಲಿ ಇದನ್ನು ಕುರಿತು ವಿದ್ವತ್ಪೂರ್ಣ ಲೇಖನವನ್ನೇ ಬರೆದರು. ನಾನು ಈ ಸಂಗತಿಯನ್ನು ಬಹಳ ಅಭಿಮಾನದಿಂದ ವಿವರಿಸಿದೆ. ಕನ್ನಡ ನಾಡಿನ ದೊರೆಯೊಬ್ಬ ಎಷ್ಟು ಸೂಕ್ಷ್ಮಗ್ರಾಹಿಯಾಗಿದ್ದ ನೋಡಿ ಎಂದೆ. ದೊರೆ ಹಿಡಿದರೆ ವಿನೋದ. ಹುಡುಗರು ಟಿಪ್ಪಣಿ ಬರೆದುಕೊಂಡರು.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಪಂಪನ ಪಾಠ. ವಿಕ್ರಮಾರ್ಜುನ ವಿಜಯದ ಮೊದಲ ಆಶ್ವಾಸದಲ್ಲಿ ಬೇಟೆಗೆ ಬಂದ ಶಂತನು ಸತ್ಯವತಿಯ ಮೈಗಂಪಿಗೆ ಸೋಲುವ ಪದ್ಯ ಕನ್ನಡ ಓದಿದವರಿಗೆಲ್ಲ ಬಾಯಿಪಾಠ. ವರ್ಷವರ್ಷವೂ ಆ ಕಂಪನ್ನು ನಾನು ತರಗತಿಯಲ್ಲಿ ಹರಡಿದ್ದೇನೆ. ಆಕೆಯ ಮೊದಲ ಹೆಸರು ಮತ್ಸ್ಯಗಂಧಿ, ಮೀನಿನ ಹೊಟ್ಟೆಯಲ್ಲಿ ಹುಟ್ಟಿದವಳು, ಬೆಸ್ತರ ಮನೆಯಲ್ಲಿ ಬೆಳೆದು ದೋಣಿ ನಡೆಸಿದವಳು, ಭಾರತ ಬರೆದ ವ್ಯಾಸರ ಹೆತ್ತ ತಾಯಿ ಎಂಬ ಹಿನ್ನೆಲೆಯನ್ನು ಒಂದೂವರೆ ವಾಕ್ಯದಲ್ಲಿ ದಾಟಿಬಿಡುತ್ತಿದ್ದೆ. ಪರಾಶರ ಮುನಿಯ ವರದಿಂದ ಮೀನಿನ ನಾತ ಹೋಗಿ ಯೋಜನಗಂಧಿಯಾದಳು ಎನ್ನುವಾಗ ಹುಡುಗರು ನಗುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಒಬ್ಬಿಬ್ಬರು ನಗದೆ ಕೂತಿರುತ್ತಿದ್ದರು. ಅವರು ಯಾವ ಕೆರೆಯ, ಯಾವ ಹೊಳೆಯ ದಂಡೆಯಿಂದ ಬಂದವರೆಂದು ನನಗಿಂತ ಚೆನ್ನಾಗಿ ಯಾರೂ ಬಲ್ಲವರಿರಲಿಲ್ಲ. ನಾನೂ ನಕ್ಕು ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆ.

1991ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' ಬಂತು. ತೇಜಸ್ವಿ ತಾವೇ ಗಾಳ ಹಿಡಿದು ಕೂರುವವರು. ಅದನ್ನು ಮುಚ್ಚಿಡುವ ಅಗತ್ಯವೇ ಅವರಿಗೆ ತೋರಿರಲಿಲ್ಲ. ಪುಸ್ತಕವನ್ನು ಊರಿಗೆ ಒಯ್ದು ಮಾವನಿಗೆ ಎರಡು ಸಂಜೆ ಓದಿ ಹೇಳಿದೆ. ಅನೇಕ ಕಡೆ ನಕ್ಕ. ಒಂದೆರಡು ಕಡೆ 'ನಮ್ ಕೆರೇಲಿ ಹಂಗಲ್ಲ' ಎಂದು ತನ್ನ ಪಾಠಾಂತರವನ್ನೂ ಸೂಚಿಸಿದ. ಕೊಡದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. 1998ರಲ್ಲಿ ಅವನು ತೀರಿಕೊಂಡ.

ಕೆರೆಯೂ ಈಗ ಮೊದಲಿನಂತಿಲ್ಲ. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆಮೀನುಗಳು ಉತ್ತರದ ನದಿಗಳವು. ನಿಂತ ನೀರಿನಲ್ಲಿ ಅವು ತಾವಾಗಿ ಮರಿ ಮಾಡುವುದಿಲ್ಲ, ಪ್ರವಾಹದ ನದಿಯೇ ಬೇಕು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಮೀನಿನಿಂದ ಮೊಟ್ಟೆ ಇಡಿಸಿದ ಮೇಲೆ ಮರಿಗಳನ್ನು ಬೇಕಾದಷ್ಟು ಪಡೆಯುವ ದಾರಿ ತೆರೆಯಿತು. ಅದರಿಂದ ಬಡವರ ತಟ್ಟೆಗೆ ಮೀನು ಬಂದಿತೆಂಬುದನ್ನು ನಾನು ಅಲ್ಲಗಳೆಯಲಾರೆ. ಕಾಟ್ಲಾ ಮೇಲುನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದೇ ಕೆರೆ ಮೂರು ಗದ್ದೆಯಂತೆ ಬೆಳೆಯುತ್ತದೆ. ನಮ್ಮೂರ ಕೆರೆಯೂ ಹರಾಜಾಯಿತು. ಹಿಡಿದವರು ಮರಿ ಬಿಡುವ ಮುನ್ನ ಕೆರೆಯಲ್ಲಿದ್ದ ಕೊರವ, ಮುರಗೋಡು, ಚಿಳ್ಳೆಮೀನುಗಳನ್ನು ತೆಗೆಸಿದರು. ಮರಿ ತಿನ್ನುವ ಮೀನು ಇದ್ದರೆ ಬಂಡವಾಳ ಹೋಗುತ್ತದೆ, ತೆಗೆಸುವುದು ಶಾಸ್ತ್ರೋಕ್ತವೆ. ಆ ಶಾಸ್ತ್ರದಲ್ಲಿ ಚಿಳ್ಳೆಮೀನಿಗೆ ಕಳೆಮೀನು ಎಂದು ಹೆಸರು. ನಮ್ಮಜ್ಜಿ ಬೆರಳು ಮಡಿಸಿ ಎಣಿಸುತ್ತಿದ್ದ ಅಷ್ಟೊಂದು ಹೆಸರುಗಳಿಗೆ ಬದಲಾಗಿ ಒಂದು ಹೆಸರು. ಈಚೆಗೆ ಜಿಲೇಬಿಮೀನೂ ಸೇರಿದೆ. 1952ರಲ್ಲಿ ಹೊರದೇಶದಿಂದ ಭಾರತಕ್ಕೆ ತಂದದ್ದು, ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುವ ಜಾಣ ಮೀನು, ಹೊಕ್ಕ ಕೆರೆಯನ್ನು ತುಂಬಿಬಿಡುತ್ತದೆ.

ಆದರೂ ಕೊರವ ಸಂಪೂರ್ಣವಾಗಿ ಹೋಗಿಲ್ಲವಂತೆ. ಮೊದಲ ಮಳೆಗೆ ಕೋಡಿಯ ನೀರು ಹಿಡಿದು ಕೆಳಗಿನ ಗದ್ದೆಗಳಿಂದ ಏರಿ ಬರುತ್ತದೆ. ಮಾವನ ಮೊಮ್ಮಗಳು ಹೋದ ಜೂನ್‌ನಲ್ಲಿ ಜೊಂಡಿನ ಬದಿಯಲ್ಲಿ ಕೆಂಪು ಮರಿಗಳನ್ನು ಕಂಡಳಂತೆ. ಅವಳು ಕಾಲೇಜಿನಲ್ಲಿ ಓದುತ್ತಿದ್ದಾಳೆ, ವಿಷಯ ಕನ್ನಡವಲ್ಲ. ಅಜ್ಜಿಯ ಬಾಯಲ್ಲಿದ್ದ ಮೀನಿನ ಹೆಸರುಗಳನ್ನು ನಾನು ನೆನಪಿದ್ದಷ್ಟು ಒಂದು ನೋಟುಪುಸ್ತಕದಲ್ಲಿ ಬರೆಯತೊಡಗಿದಾಗ, ಯಾವ ಹೆಸರು ಯಾವ ಮೀನಿನದೆಂದು ಕೆಲವು ಕಡೆ ತಿದ್ದಿದವಳು ಅವಳು. ನೋಟುಪುಸ್ತಕ ಇನ್ನೂ ಅರ್ಧ ಖಾಲಿ ಇದೆ. ಅಜ್ಜಿ ಇಲ್ಲ, ಮಾವ ಇಲ್ಲ. ಕೇಳಿದರೆ ಹೇಳುವವರು ಊರಿನಲ್ಲಿ ಇಬ್ಬರೋ ಮೂವರೋ.

ಹರಾಜಿನ ಅವಧಿ ಮುಗಿದಿದೆ, ಈ ಬೇಸಿಗೆ ಊರಿನವರೇ ಕೆರೆಬೇಟೆ ಮಾಡುತ್ತಾರಂತೆ ಎಂದು ಅವಳು ಮೊನ್ನೆ ಫೋನ್ ಮಾಡಿದ್ದಳು. ಮಾವನ ಕೂಣಿ ಕೊಟ್ಟಿಗೆಯ ಅಟ್ಟದಲ್ಲಿ ಸಿಕ್ಕಿತು, ಕಡ್ಡಿಗಳನ್ನು ಹುಳ ತಿಂದಿದೆ, ಬಾಯಿಯ ಬೆತ್ತದ ಸುತ್ತು ಗಟ್ಟಿ ಇದೆ, ಹೊಸ ಕಡ್ಡಿ ಹಾಕಿಸುತ್ತಿದ್ದೇನೆ ಎಂದಳು. 'ದೊಡ್ಡಪ್ಪ, ನಿಮ್ಮ ಹೆಸರಿಗೂ ಒಂದು ಕೂಣಿಯ ದುಡ್ಡು ಕಟ್ಟಲಾ?' ಎಂದು ಕೇಳಿದಳು. ನನ್ನ ಮೊಣಕಾಲು ಕೆಸರಿಗೆ ಇಳಿಯುವಂಥದಲ್ಲ. ಕಟ್ಟು ಎಂದಿದ್ದೇನೆ.